ಕೆಮಿಸ್ಟ್ರಿ ಮೇಷ್ಟ್ರಾಗೋಕೆ ಎಷ್ಟು ವರ್ಷ ಬೇಕು?

ಜಯನಗರ 2ನೇ ಬ್ಲಾಕ್ ಕಡೆ ಓಡಾಡಿದ್ರೆ ಆರ್.ವಿ. ಟೀಚರ್ಸ್ ಕಾಲೇಜ್ ಬೋರ್ಡ್ ನೋಡಿರ್ತೀರ. ಅದು ಶುರುವಾಗಿದ್ದು 1954ರಲ್ಲಿ, ಜಯನಗರವೇ ಆಗಿನ್ನೂ ಹೊಸ ಬಡಾವಣೆ. ಬಿ.ಎಸ್ಸಿ. ಮುಗಿಸಿ ಒಂದು ವರ್ಷ ಬಿ.ಇಡಿ. ಮಾಡಿದ್ರೆ ಹೈಸ್ಕೂಲ್ ಮೇಷ್ಟ್ರು. ದಶಕಗಳ ಕಾಲ ಇದೇ ಲೆಕ್ಕ.

1963ರಲ್ಲಿ ಶುರುವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು ಇನ್ನೊಂದು ದಾರಿ ತೆರೀತು: ವಿಜ್ಞಾನವನ್ನೂ ಪಾಠ ಮಾಡೋದನ್ನೂ ಜೊತೆಜೊತೆಗೇ ನಾಲ್ಕು ವರ್ಷದಲ್ಲಿ ಕಲೀಬಹುದು.

ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ವರ್ಮಾ ಆಯೋಗ 2012ರಲ್ಲಿ ಶಿಕ್ಷಕರ ತರಬೇತಿ ಸಾಲದು ಅಂತು. 2015ರಿಂದ ಬಿ.ಇಡಿ. ಎರಡು ವರ್ಷ ಆಯ್ತು. ಅದರಲ್ಲಿ 20 ವಾರ ಶಾಲೆಯಲ್ಲೇ ಕಳೀಬೇಕು.

ಯಾಕೆ ಬೇಕು ಅಂತೀರಾ? ಆಸಿಡ್‌ಗೆ ನೀರು ಸುರೀಬಾರದು, ನೀರಿಗೇ ಆಸಿಡ್ ನಿಧಾನವಾಗಿ ಹಾಕ್ಬೇಕು. ಇದು ನಿಮಗೂ ಗೊತ್ತು. ಆದ್ರೆ ನಲವತ್ತು ಮಕ್ಕಳು ಮೇಜಿನ ಸುತ್ತ ನೂಕಾಡ್ತಿರೋವಾಗ ಅದನ್ನ ಮಾಡಿ ತೋರಿಸೋದು ಬೇರೆ ವಿದ್ಯೆ. ಅದು ಪುಸ್ತಕದಿಂದ ಬರಲ್ಲ, ತರಗತಿಯಲ್ಲೇ ಬರೋದು.

ಹಾಗಂತ, ಮನೇಲಿ ಸಂಬಳಕ್ಕೆ ಕಾಯ್ತಿರೋರಿಗೆ ಇನ್ನೊಂದು ವರ್ಷ ಸಣ್ಣದಲ್ಲ. ವರ್ಷ ಹೆಚ್ಚಿಸಿದ್ದು ಸರಿ, ಆದ್ರೆ ಶಾಲೆಯಲ್ಲಿ ದುಡಿಯೋ ಆ ವಾರಗಳಿಗೆ ಸ್ಟೈಪೆಂಡ್ ಕೊಡ್ಲೇಬೇಕು ಅನ್ನೋದು ನನ್ನ ವಾದ. ಇಲ್ಲಾಂದ್ರೆ ಒಳ್ಳೆ ಮೇಷ್ಟ್ರಾಗಬಲ್ಲ ಎಷ್ಟೋ ಜನ ಬಿ.ಎಸ್ಸಿ.ಗೇ ನಿಂತುಬಿಡ್ತಾರೆ. ನೀವೇನಂತೀರ?