ರೇಡಿಯೇಟರ್ ಕಳಚುವ ಮುನ್ನ

ದೆಹಲಿಗೆ ಬಂದು ಮೂವತ್ತು ವರ್ಷ ದಾಟಿದರೂ ಇಲ್ಲಿನ ಜನವರಿ ಚಳಿ ನನಗೆ ಒಗ್ಗಿಲ್ಲ. ದೀಪಾವಳಿ ಕಳೆದ ಮೇಲೆ ಅಟ್ಟದಿಂದ ಹೀಟರ್ ಇಳಿಸುತ್ತೇವೆ, ಹೋಳಿ ಹೊತ್ತಿಗೆ ಪ್ಲಗ್ ಕಿತ್ತು ಮತ್ತೆ ಅಟ್ಟಕ್ಕೆ ಹಾಕುತ್ತೇವೆ. ಅಷ್ಟೇ! ರಷ್ಯಾದ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ರೇಡಿಯೇಟರನ್ನು ಹಾಗೆ ಎತ್ತಿಡಲು ಬರುವುದಿಲ್ಲ. ಅದರ ಬೆನ್ನಿಗೆ ಇಡೀ ಕಟ್ಟಡದ ಪೈಪ್ ಇದೆ. ಆ ಪೈಪಿಗೂ ಒಂದು ಚರಿತ್ರೆ ಇದೆ ನೋಡಿ.

ರೇಡಿಯೇಟರ್ ಕಂಡುಹಿಡಿದ ಹಿರಿಮೆ ಸಾಮಾನ್ಯವಾಗಿ ಸಲ್ಲುವುದು ಫ್ರಾಂಜ್ ಸಾನ್ ಗಲ್ಲಿ ಎಂಬಾತನಿಗೆ. ಪ್ರಷ್ಯಾದಲ್ಲಿ ಹುಟ್ಟಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಉದ್ಯಮಿಯಾದವನು. ಕಾಲ 1850ರ ದಶಕ. 2005ರಲ್ಲಿ ರಷ್ಯಾದ ಸಮಾರಾ ನಗರದಲ್ಲಿ ರೇಡಿಯೇಟರಿಗೊಂದು ಸ್ಮಾರಕವನ್ನೇ ಮಾಡಿದರು. ಅದರ ಮೇಲೆ ಬೆಚ್ಚಗೆ ಮಲಗಿದ ಬೆಕ್ಕು!

1924ರ ನವೆಂಬರಿನಲ್ಲಿ ಲೆನಿನ್‌ಗ್ರಾಡ್ ಆಗಿದ್ದ ಅದೇ ಊರಿನಲ್ಲಿ ಫೊಂತಾಂಕಾ ನದಿ ದಂಡೆಯ 96ನೇ ನಂಬರಿನ ಕಟ್ಟಡಕ್ಕೆ ವಿದ್ಯುತ್ ಸ್ಥಾವರದಿಂದಲೇ ಶಾಖ ಹರಿಯಿತು. ಒಂದು ಒಲೆ, ನೂರಾರು ಮನೆ ಎಂಬ ಪದ್ಧತಿಗೆ ಅದು ನಾಂದಿ. ಆದರೆ 1941ರ ಚಳಿಗಾಲದಲ್ಲಿ ಜರ್ಮನ್ ಸೇನೆ ಊರನ್ನು ಸುತ್ತುವರಿದಾಗ ಇಂಧನ ಮುಗಿಯಿತು. ನೀರು ಹೆಪ್ಪುಗಟ್ಟಿ ಹಿಗ್ಗಿ ಪೈಪುಗಳು ಒಡೆದವು. ಜನ ಪುಟ್ಟ ಕಬ್ಬಿಣದ ಒಲೆಗೆ ಕುರ್ಚಿ, ಮೇಜು, ಕೊನೆಗೆ ಪುಸ್ತಕಗಳನ್ನೂ ಹಾಕಿ ಜೀವ ಉಳಿಸಿಕೊಂಡರು. ಒಟ್ಟಾಗಿ ಬೆಚ್ಚಗಿದ್ದವರು ಒಟ್ಟಾಗಿಯೇ ನಡುಗಿದರು.

ಯುದ್ಧದ ನಂತರ ಮನೆಗಳ ಅಭಾವ. 1957ರಲ್ಲಿ ಕ್ರುಶ್ಚೇವ್ ಸರ್ಕಾರ ಸಾಮೂಹಿಕ ವಸತಿ ನಿರ್ಮಾಣಕ್ಕೆ ಆದೇಶ ಹೊರಡಿಸಿತು. ಸಾಲುಸಾಲಾಗಿ ಐದಂತಸ್ತಿನ ಕಟ್ಟಡಗಳೆದ್ದವು. ಪೈಪ್ ಉಳಿಸಲು ಅಂಥ ಅನೇಕ ಕಟ್ಟಡಗಳಲ್ಲಿ ಒಂಟಿ ಪೈಪಿನ ವ್ಯವಸ್ಥೆ ಮಾಡಿದರು. ಒಂದು ಮನೆಯ ರೇಡಿಯೇಟರಿನಿಂದ ಹೊರಟ ಬಿಸಿನೀರೇ ಮುಂದಿನ ಅಂತಸ್ತಿನ ಮನೆಗೆ ಹೋಗುತ್ತದೆ.

ಇಲ್ಲೇ ಇರುವುದು ತೊಡಕು. ರೇಡಿಯೇಟರ್ ಕಳಚಿ ಎರಡೂ ತುದಿಗೆ ಮುಚ್ಚಳ ಬಿಗಿದರೆ ನೀರು ಅಲ್ಲೇ ನಿಲ್ಲುತ್ತದೆ. ಮುಂದಿನವರ ಮನೆ ತಣ್ಣಗೆ! ಹಾಗಾಗಿ ಎರಡು ತುದಿಗಳ ನಡುವೆ ಒಂದು ಬೈಪಾಸ್ ಪೈಪ್ ಇರಲೇಬೇಕು. ಅದರಲ್ಲಿ ನೀರು ಯಾವಾಗಲೂ ಹರಿಯುತ್ತಿರಬೇಕು. ಬೇಸಿಗೆಯಲ್ಲೂ, ಒಳಗೆ ತುಕ್ಕು ಹಿಡಿಯದಿರಲೆಂದು ಪೈಪಿನಲ್ಲಿ ನೀರು ತುಂಬಿಯೇ ಇಡುತ್ತಾರೆ. ಮೊದಲು ಆ ಸಾಲನ್ನು ಬಂದ್ ಮಾಡಿಸಿ ನೀರು ಬಸಿಯದೆ ಸ್ಪ್ಯಾನರ್ ಹಚ್ಚಿದರೆ ತುಕ್ಕು ಬೆರೆತ ಕಪ್ಪು ನೀರು ಕೆಳಗಿನ ಮನೆಯ ಚಾವಣಿಗೆ ಇಳಿಯುತ್ತದೆ.

1991ರ ಕಾನೂನಿನಿಂದ ಸರ್ಕಾರದ ಮನೆಗಳು ಅಲ್ಲಿ ವಾಸವಿದ್ದವರ ಸ್ವಂತವಾಗತೊಡಗಿದವು. ನನ್ನ ಮನೆ, ನನ್ನ ಗೋಡೆ, ನನ್ನ ರೇಡಿಯೇಟರ್ ಅಂತ ಜನ ಬದಲಾಯಿಸತೊಡಗಿದರು. 2006ರ ಸರ್ಕಾರಿ ನಿಯಮ ಮಾತ್ರ ಮಹಡಿಯಿಂದ ಮಹಡಿಗೆ ಹೋಗುವ ಪೈಪು ಎಲ್ಲರದ್ದು ಎಂದಿತು.

ದೂರದ ಕಥೆ ಅನ್ನಿಸಿತೇ? ನಮ್ಮ ಸೊಸೈಟಿಯಲ್ಲೂ ಮೇಲಿನ ಮಹಡಿಯವರೊಬ್ಬರು ಬಚ್ಚಲುಮನೆ ರಿಪೇರಿ ಮಾಡಿಸುತ್ತಾ ಗೋಡೆಯೊಳಗಿನ ಪೈಪ್ ಕತ್ತರಿಸಿದ್ದರು. ಕೆಳಗಿನ ಮೂರು ಮನೆಯವರು ನಾಲ್ಕು ದಿನ ಬಕೆಟ್ ಹೊತ್ತೆವು. ಕೇಳಿದರೆ, "ನಮ್ಮ ಮನೆ ಗೋಡೆ ತಾನೆ?" ಅಂದರು. ಗೋಡೆ ಅವರದೇ. ಒಳಗಿನ ನೀರು?