ಹೆಸರಿಲ್ಲದ ಬಿಲ್ಲು

ನಮ್ಮ ಮೈಸೂರು ಸೀಮೆಯಲ್ಲಿ ಹಳೆಯ ಆಯುಧ ಯಾವುದು ಸಿಕ್ಕಿದರೂ ಅದು ಟಿಪ್ಪುವಿನ ಕಾಲದ್ದೇ ಆಗಿಬಿಡುತ್ತದೆ. ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಆಳೆತ್ತರದ ಬಿದಿರು ಬಿಲ್ಲೊಂದನ್ನು ಅಟ್ಟದಿಂದಿಳಿಸಿ ನನ್ನ ಕೈಗಿತ್ತ ಯಜಮಾನರೂ “ಟಿಪ್ಪೂ ಕಾಲದ್ದು, ಸ್ವಾಮಿ” ಎಂದೇ ಅಂದರು.

ಟಿಪ್ಪುವಿನ ಬಂದೂಕಾಗಿದ್ದರೆ ತೀರ್ಮಾನ ಸುಲಭ. ಅದರ ಮೇಲೆ ಹುಲಿಪಟ್ಟೆ, ಹೈದರನ ಹೆಸರಿನ ಮುದ್ರೆ, ಮೌಲೂದಿ ಶಕೆಯ ವರ್ಷ, ಕೆಲವೊಮ್ಮೆ ಮಾಡಿದವನ ಹೆಸರು ಕೂಡ ಇರುತ್ತದೆ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ದೊರೆಗಳು ವಿನೋದಕ್ಕೆಂದು ಎಳೆಯುತ್ತಿದ್ದ ಉದ್ದ ಬಿಲ್ಲುಗಳ ಮೇಲೂ ಲಂಡನ್ನಿನ ಆಲ್ಡ್ರೆಡ್‌ನಂಥ ತಯಾರಕರ ಹೆಸರು, ಎಳೆತದ ಬಲ ಇಷ್ಟು ಪೌಂಡು ಎಂಬ ಅಂಕೆ ಕಾಣುತ್ತವೆ. ನನ್ನ ಕೈಯಲ್ಲಿದ್ದ ಬಿಲ್ಲಿನ ಮೇಲೆ ಒಂದಕ್ಷರವೂ ಇರಲಿಲ್ಲ. ಬಿದಿರನ್ನೇ ಓದಬೇಕಾಯಿತು.

ಹೊಗೆ ಹಿಡಿದ ಕಪ್ಪು ಸಾಕ್ಷಿಯಲ್ಲ. ಹತ್ತು ವರ್ಷದ ಒಲೆಯ ಹೊಗೆಗೂ ಬಿದಿರು ಕಪ್ಪಾಗುತ್ತದೆ. ಆದರೆ ಸೀಳಿದ ಬಗೆ ಮಾತಾಡುತ್ತದೆ. ಬಿದಿರಿನ ನಾರು ಹೊರಮೈಯಲ್ಲಿ ದಟ್ಟ, ಒಳಗೆ ವಿರಳ. ಬಿಲ್ಲು ಬಾಗಿದಾಗ ಗುರಿಯ ಕಡೆಯ ಮೈ ಹಿಗ್ಗುತ್ತದೆ, ಬಿಲ್ಲುಗಾರನ ಕಡೆಯ ಮೈ ಕುಗ್ಗುತ್ತದೆ. ಇದನ್ನು ಮಾಡಿದವನು ದಟ್ಟ ನಾರಿನ ಹೊರಮೈಯನ್ನು ಗುರಿಯ ಕಡೆಗೆ ಉಳಿಸಿ, ಒಳಮೈಯನ್ನಷ್ಟೇ ಹೆರೆದಿದ್ದ. ಕೊಪ್ಪು, ಎಂದರೆ ಹೆದೆ ಸಿಕ್ಕಿಸುವ ತುದಿ, ಉಜ್ಜಿ ಉಜ್ಜಿ ನಯವಾಗಿತ್ತು. ಗೋಡೆಯ ಅಲಂಕಾರಕ್ಕೆ ಮಾಡಿದ್ದಲ್ಲ. ವರ್ಷಗಟ್ಟಲೆ ಹೆದೆಯೇರಿಸಿ ದುಡಿಸಿದ ಬಿಲ್ಲು.

ಇಂಥ ಬಿಲ್ಲಿಗೆ ಅರಮನೆಯ ಕಾರ್ಖಾನೆ ಬೇಕಿಲ್ಲ. ಕಾಡಂಚಿನ ಬಿದಿರು, ಒಂದು ಮಚ್ಚು ಸಾಕು. ಅದನ್ನು ಅಲ್ಪವೆಂದುಕೊಳ್ಳಬೇಡಿ. ಇದೇ ದಾರಿಯ ಆಚೆ ತುದಿಯಲ್ಲಿ, 1802ರ ಅಕ್ಟೋಬರಿನಲ್ಲಿ, ಎಡಚ್ಚೇನ ಕುಂಕನ್ ಮತ್ತು ತಲಕ್ಕಲ್ ಚಂದು ಎಂಬವರ ಮುಂದಾಳ್ತನದಲ್ಲಿ ಕುರಿಚ್ಯ ಬಿಲ್ಲುಗಾರರು ಪನಮರಂನಲ್ಲಿದ್ದ ಕಂಪನಿಯ ಠಾಣ್ಯವನ್ನು ಹಿಡಿದರು. ಬಂದೂಕಿದ್ದವರೇ ಸೋತರು. ಟಿಪ್ಪು ಮಡಿದು ಆಗಲೇ ಮೂರು ವರ್ಷವಾಗಿತ್ತು. ನಾನು ಕಂಡ ಬಿಲ್ಲು ಆ ಕದನ ಕಂಡಿತ್ತೆಂದು ಹೇಳುವ ಧೈರ್ಯ ನನಗಿಲ್ಲ, ಕುಲವೊಂದೇ ಎನ್ನಬಲ್ಲೆ.

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಸಾಹೇಬರು 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ವೀರಗಲ್ಲುಗಳಲ್ಲಿ ಸತ್ತ ವೀರನ ಹೆಸರುಂಟು, ಬಿಟ್ಟುಕೊಟ್ಟ ಭೂಮಿಯ ಲೆಕ್ಕವುಂಟು. ಬಿಲ್ಲು ಹೆರೆದವನ ಹೆಸರು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಅವನ ಕೈಕೆಲಸವನ್ನೂ ಸುಲ್ತಾನನ ಲೆಕ್ಕಕ್ಕೆ ಬರೆದುಬಿಟ್ಟರೆ ಅವನಿಗೆ ಉಳಿಯುವುದೇನು?

ಸರ್ಕಾರವೇನೋ ಅವನನ್ನು ಮರೆಯಲಿಲ್ಲ. 1878ರ ಶಸ್ತ್ರ ಕಾಯಿದೆ ಆಯುಧಗಳನ್ನು ಹೆಸರಿಸುವಾಗ ಬಂದೂಕು, ಕತ್ತಿ, ಈಟಿಗಳ ಜೊತೆಗೆ ಬಿಲ್ಲು ಬಾಣಗಳನ್ನೂ ಸೇರಿಸಿತು. 1972ರ ವನ್ಯಜೀವಿ ಕಾಯಿದೆಯಿಂದ ಬೇಟೆಯ ದಾರಿಯೂ ಮುಚ್ಚಿತು. ಯಜಮಾನರಿಗೆ ನಾನು ಹೇಳಿದ್ದಿಷ್ಟೆ: ಎಣ್ಣೆ ಬಳಿಯಬೇಡಿ, ಹೆದೆ ಕಟ್ಟಿ ಎಳೆದು ನೋಡಬೇಡಿ, ಯಾರ ಮನೆಯಿಂದ ಬಂತೆಂದು ಅಜ್ಜಿಯನ್ನು ಕೇಳಿ ಬರೆದಿಡಿ.