ಯಾರ ಮಾತಿಗೆ ಯಾರ ಉತ್ತರ? ವಚನಗಳನ್ನು ಜೋಡಿಸಿದವರ ಕಥೆ



ವಚನ ಪಾಠ ಬಂದಾಗಲೆಲ್ಲ ನಮ್ಮ ಕಡೆಯ ಮಕ್ಕಳು "ಬಸವಣ್ಣನವರ ಕಲ್ಯಾಣ ಅಂದ್ರೆ ನಮ್ಮ ಕಲ್ಯಾಣದುರ್ಗನಾ ಸಾರ್?" ಎಂದು ಕೇಳುವುದುಂಟು. ಅಲ್ಲ, ಅದು ಬೀದರ್ ಜಿಲ್ಲೆಯ ಬಸವಕಲ್ಯಾಣ. ಆದರೆ ಅಲ್ಲಿ 12ನೇ ಶತಮಾನದಲ್ಲಿ ಆಡಿದ ಮಾತುಗಳನ್ನು ಜೋಡಿಸಿಟ್ಟವರಲ್ಲಿ ಒಬ್ಬರು ನಮ್ಮ ಪಕ್ಕದ ತುಮಕೂರು ಸೀಮೆಯವರು.

ಜೋಡಿಸುವುದೇಕೆ ಬೇಕಾಯಿತು? ವಚನದಲ್ಲಿ ತಾರೀಖು ಇರುವುದಿಲ್ಲ. ಯಾವ ಪ್ರಶ್ನೆಗೆ ಇದು ಉತ್ತರ ಎಂದೂ ಸಾಮಾನ್ಯವಾಗಿ ತಿಳಿಯುವುದಿಲ್ಲ. ಕೊನೆಯಲ್ಲಿ ಅಂಕಿತ ಮಾತ್ರ ಇರುತ್ತದೆ. ಗುಹೇಶ್ವರ ಎಂದಿದ್ದರೆ ಅಲ್ಲಮ, ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ. ಕಲ್ಯಾಣದ ಶರಣರು ಚದುರಿದ ಮೇಲೆ ಓಲೆಗರಿಗಳಲ್ಲಿ ಉಳಿದದ್ದು ಬಿಡಿ ಬಿಡಿ ಮಾತು.

15ನೇ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಇವನ್ನು ಒಟ್ಟುಗೂಡಿಸುವ ಕೆಲಸ ಜೋರಾಗಿ ನಡೆಯಿತು. ಆಗ ಕೆಲವರು ಹಿಡಿದದ್ದು ವಿಷಯದ ದಾರಿ. ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು ನೂರೊಂದು ಸ್ಥಲಗಳಾಗಿ ಬಿಡಿಸಿ, ಒಂದೊಂದರ ಕೆಳಗೂ ಹೊಂದುವ ವಚನಗಳನ್ನಿಟ್ಟರು. ಜಕ್ಕಣಾರ್ಯರ ಏಕೋತ್ತರಶತಸ್ಥಲ ಈ ಬಗೆಯದು. ಹುಡುಕುವವರಿಗೆ ಇದು ಅನುಕೂಲ. ಆದರೆ ಮಾತಿಗೆ ಮಾತು ಬೆಳೆದದ್ದು ಇಲ್ಲಿ ಕಾಣುವುದಿಲ್ಲ.

ಶಿವಗಣಪ್ರಸಾದಿ ಮಹಾದೇವಯ್ಯ ಹಿಡಿದದ್ದು ಇನ್ನೊಂದು ದಾರಿ. ಅವರ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ನಡುವೆ ನಿಲ್ಲುತ್ತಾನೆ. ಒಬ್ಬೊಬ್ಬ ಶರಣರು ಎದುರಾಗುತ್ತಾರೆ, ಪ್ರಶ್ನೆಯ ವಚನದ ಹಿಂದೆಯೇ ಉತ್ತರದ ವಚನ ಬರುತ್ತದೆ, ನಡುವೆ ಕೊಂಡಿಯಾಗಿ ಒಂದೆರಡು ಗದ್ಯದ ಸಾಲು. ಅಕ್ಕಮಹಾದೇವಿಯನ್ನು ಅಲ್ಲಮ ಪರೀಕ್ಷಿಸುವ ಭಾಗ ನಾಟಕದಂತೆ ಓದಿಸಿಕೊಳ್ಳುವುದು ಈ ಜೋಡಣೆಯಿಂದಲೇ. ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇದನ್ನು ಪರಿಷ್ಕರಿಸಿದರು. ಈ ಗೂಳೂರು ತುಮಕೂರಿನ ಹತ್ತಿರವೇ ಇದೆ. ಹಿಂದೂಪುರದ ಪಕ್ಕದ ಲೇಪಾಕ್ಷಿಯಲ್ಲಿ ವೀರಭದ್ರ ದೇವಾಲಯ ಎದ್ದ 16ನೇ ಶತಮಾನದಲ್ಲೂ ಈ ಪರಿಷ್ಕರಣೆಯ ಕೆಲಸ ನಡೆದಿತ್ತು.

ಇಲ್ಲೊಂದು ಎಚ್ಚರ ಬೇಕು. ಶೂನ್ಯಸಂಪಾದನೆ ಅನುಭವ ಮಂಟಪದ ನಡವಳಿ ಪುಸ್ತಕವಲ್ಲ. ವಚನಗಳು ಶರಣರವು, ಅವುಗಳ ಕ್ರಮ ಸುಮಾರು 300 ವರ್ಷಗಳ ನಂತರದ ಸಂಪಾದಕರದು. ಮೊದಲ ಕೃತಿಯಲ್ಲಿಲ್ಲದ ಸಿದ್ಧರಾಮನ ದೀಕ್ಷೆಯ ಪ್ರಸಂಗ ನಂತರದ ಪರಿಷ್ಕರಣೆಗಳಲ್ಲಿ ಸೇರಿಕೊಂಡಿತು. ಯಾರ ಮಾತಿನ ಮುಂದೆ ಯಾರ ಮಾತನ್ನು ಇಡುತ್ತೇವೆ ಎಂಬುದರ ಮೇಲೆ ಚರ್ಚೆಯಲ್ಲಿ ಗೆದ್ದವರು ಯಾರು ಎಂಬುದೇ ಬದಲಾಗಿಬಿಡುತ್ತದೆ!

ಹೊಸ ಕಾಲದಲ್ಲಿ ಫ.ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ವಚನಶಾಸ್ತ್ರಸಾರ ಮತ್ತೆ ವಿಷಯದ ದಾರಿ ಹಿಡಿಯಿತು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ತಂದ 15 ಸಮಗ್ರ ವಚನ ಸಂಪುಟಗಳು ವಚನಕಾರರ ಹೆಸರಿನ ದಾರಿ ಹಿಡಿದವು. ಒಬ್ಬರ ವಚನಗಳೆಲ್ಲ ಒಂದೆಡೆ ಸಿಕ್ಕವು. ಆದರೆ ಆಯ್ದಕ್ಕಿ ಮಾರಯ್ಯ ಒಂದು ಸಂಪುಟಕ್ಕೆ ಹೋದರೆ, ಅವರ ಹೆಂಡತಿ ಲಕ್ಕಮ್ಮ ಶಿವಶರಣೆಯರ ಸಂಪುಟಕ್ಕೆ ಹೋದರು. ಗಂಡ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಆಕ್ಷೇಪಿಸಿದ್ದು ಶೂನ್ಯಸಂಪಾದನೆಯಲ್ಲಿ ಗಂಡಹೆಂಡಿರ ಮಾತುಕತೆಯಾಗಿಯೇ ಸಿಗುತ್ತದೆ.

ಹಾಗಾಗಿ ಮೂರು ದಾರಿಗಳೂ ಬೇಕು. ನಮ್ಮ ಪಠ್ಯಪುಸ್ತಕಗಳಲ್ಲಿ ವಚನ ಬರುವುದು ಸಾಮಾನ್ಯವಾಗಿ ಹೆಸರಿನ ದಾರಿಯಲ್ಲಿ, ಒಂಟಿಯಾಗಿ. ಮಕ್ಕಳು ಅದನ್ನು ಉಪದೇಶವೆಂದು ಬಾಯಿಪಾಠ ಮಾಡುತ್ತಾರೆ, ಅದೊಂದು ಉತ್ತರವೂ ಆಗಿರಬಹುದೆಂದು ಅವರಿಗೆ ಹೊಳೆಯುವುದಿಲ್ಲ. ಲಕ್ಕಮ್ಮ, ಮಾರಯ್ಯರ ನಾಲ್ಕಾರು ವಚನಗಳನ್ನು ಚೀಟಿಗಳಲ್ಲಿ ಬರೆದು ಕೊಡಿ. ಯಾವುದು ಮೊದಲು, ಯಾವುದು ಉತ್ತರ ಎಂದು ಮಕ್ಕಳೇ ಜೋಡಿಸಲಿ. ಎರಡು ಗುಂಪಿನ ಕ್ರಮ ಬೇರೆಯಾದರೆ ಯಾಕೆ ಹಾಗೆ ಎಂದು ಕೇಳಿ. ಅವತ್ತಿನ ಪಾಠ ಅಲ್ಲಿಂದಲೇ ಶುರುವಾಗುತ್ತದೆ.